ಬೊಂಬಾಯಿಯ ಮಡಿ

ಮದ್ದೂರು ಸ್ಟೇಷನ್ನಿನಲ್ಲಿ ರೈಲು ಇಳಿದಾಗ ನನ್ನ ಒಂದು ಕೈಯಲ್ಲಿ ಕಾಗದಪತ್ರಗಳ ಚೀಲ, ಇನ್ನೊಂದು ಕೈಯಲ್ಲಿ ಮುಚ್ಚಳವಿದ್ದ ತಾಮ್ರದ ಚೊಂಬು. ಚೊಂಬಿನ ತುಂಬ ಮಂಡ್ಯದ ನನ್ನ ಬಾಡಿಗೆ ಕೋಣೆಯ ನೀರು. ನೋಡಿದವರು ಇವನ್ಯಾರೋ ಶ್ರಾದ್ಧ ಮಾಡಿಸಲು ಹೊರಟ ಪುರೋಹಿತ ಅಂದುಕೊಂಡಿರಬೇಕು. ನಾನು ಹೊರಟಿದ್ದದ್ದು ಒಂದು ಬೆಲ್ಲದ ಕಂಪನಿಗೆ ಅಂಕ ಕೊಡುವುದಕ್ಕೆ.

ಬೊಂಬಾಯಿಯಿಂದ ಇಂಗ್ಲಿಷಿನಲ್ಲಿ ಹೊರಡುತ್ತಿದ್ದ ಒಂದು ವ್ಯಾಪಾರ ಮಾಸಪತ್ರಿಕೆ ವರ್ಷಕ್ಕೊಮ್ಮೆ ದೇಶದ ಕಂಪನಿಗಳನ್ನೆಲ್ಲ ಮದುವೆಯ ಪಂಕ್ತಿಯಲ್ಲಿ ಕೂರಿಸಿದ ಹಾಗೆ ಸಾಲಾಗಿ ಕೂರಿಸಿ, ಯಾರು ಮೊದಲು, ಯಾರು ಆಮೇಲೆ ಎಂದು ಪಟ್ಟಿ ಅಚ್ಚು ಮಾಡುತ್ತಿತ್ತು. ದೊಡ್ಡ ಮಿಲ್ಲುಗಳಿಗೊಂದು ಪಟ್ಟಿ, ಬ್ಯಾಂಕುಗಳಿಗೊಂದು ಪಟ್ಟಿ, ಕೊನೆಯ ಪುಟಗಳಲ್ಲಿ ಹಳ್ಳಿ ಕಡೆಯ ಸಣ್ಣ ಕಂಪನಿಗಳಿಗೂ ಒಂದು. ಮೊದಲ ಸ್ಥಾನ ಬಂದವರಿಗೆ ಬೆಳ್ಳಿಯ ಫಲಕ. ಆ ಕೊನೆಯ ಪಟ್ಟಿಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಪರೀಕ್ಷಕನಾಗಿ ಓಡಾಡುತ್ತಿದ್ದವನು ನಾನು. ಕಂಪನಿ ಕೆಲಸ ಮಾಡುತ್ತಿರುವಾಗ ಕಣ್ಣಾರೆ ನೋಡಬೇಕು, ಒಳಗೆ ಹೋದ ಮಾಲು ಹೊರಗೆ ಬಂದ ಮಾಲು ಎರಡನ್ನೂ ನಿಂತು ತೂಗಿಸಬೇಕು, ಬರೆದು ಸಹಿ ಹಾಕಿ ಬೊಂಬಾಯಿಗೆ ಕಳಿಸಬೇಕು.

ಯುದ್ಧದ ಕಾಲ. ಆ ವರ್ಷದ ಸುತ್ತು ನನ್ನನ್ನು ಹಿಂಡಿ ಹಾಕಿತ್ತು. ಹಿಂದಿನ ವಾರವಷ್ಟೇ ಮಳವಳ್ಳಿಯ ರೇಷ್ಮೆ ನೂಲಿನ ಕಂಪನಿಯೊಂದಕ್ಕೆ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಹೋಗಿ, ಏರು ಬಂದಲ್ಲೆಲ್ಲ ಇಳಿದು ಅದನ್ನು ತಳ್ಳಿ ಬಂದಿದ್ದೆ. ಅದಕ್ಕೆ ಮುಂಚೆ ಚಳಿಜ್ವರ ಮಲಗಿಸಿತ್ತು. ನಾಲೆ ನೀರು ಬಂದಮೇಲೆ ನಮ್ಮ ಕಡೆ ಬತ್ತದ ಜೊತೆ ಸೊಳ್ಳೆಯೂ ಚೆನ್ನಾಗಿ ಬೆಳೆಯುತ್ತಿತ್ತು. ಜ್ವರ ಬಿಟ್ಟಿದ್ದರೂ ಬಾಯಲ್ಲಿ ಕ್ವಿನೈನಿನ ಕಹಿ ಬಿಟ್ಟಿರಲಿಲ್ಲ. ಏನು ತಿಂದರೂ ಬೇವಿನ ಕಡ್ಡಿ ಅಗಿದ ಹಾಗೆ.

ತಾಮ್ರದ ಚೊಂಬಿನ ವಿಷಯ ಹೇಳಬೇಕು. ಪತ್ರಿಕೆಯವರದು ಒಂದು ಕಟ್ಟುನಿಟ್ಟಾದ ನಿಯಮ. ಪರೀಕ್ಷೆಗೆ ಹೋದ ಜಾಗದಲ್ಲಿ ಪರೀಕ್ಷಕ ಏನನ್ನೂ ಮುಟ್ಟಕೂಡದು. ಊಟ, ಕಾಫಿ, ಹಾರ, ತೆಂಗಿನಕಾಯಿ, ಯಾವುದೂ ಇಲ್ಲ. ಮುಟ್ಟಿದರೆ ಆ ಕಂಪನಿ ಆ ವರ್ಷದ ಪಟ್ಟಿಯಿಂದ ಹೊರಗೆ. ಎಲ್ಲೋ ಉತ್ತರದ ಕಡೆ ಒಬ್ಬ ಪರೀಕ್ಷಕ ಮಗಳ ಮದುವೆಯನ್ನೇ ಕಂಪನಿಯ ಖರ್ಚಿನಲ್ಲಿ ಮುಗಿಸಿಕೊಂಡಿದ್ದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವಂತೆ ನಮಗೆಲ್ಲ ಈ ಬರೆ. ವರದಿಯ ಕೊನೆಯಲ್ಲಿ ‘ನಾನು ಏನನ್ನೂ ಸ್ವೀಕರಿಸಿಲ್ಲ’ ಎಂದು ನಮ್ಮ ಕೈಬರಹದಲ್ಲೇ ಬರೆದು ಸಹಿ ಹಾಕಬೇಕಾಗಿತ್ತು. ಪೇಟೆಯ ಯಜಮಾನರಿಗೆ ಇದು ಅರ್ಥವಾಗುತ್ತಿತ್ತು. ಮಳವಳ್ಳಿಯವರು ಕಾಫಿ ತರಿಸಿದರು, ನಾನು ಕೈಮುಗಿದೆ, ಅವರು ನಕ್ಕು ನನ್ನ ಪಾಲನ್ನೂ ತಾವೇ ಕುಡಿದರು. ನಾನು ಜೊತೆಗೊಂದು ಚೊಂಬು ನೀರು ಇಟ್ಟುಕೊಂಡು ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಬೆಲ್ಲದ ಕಂಪನಿ ಇದ್ದದ್ದು ವೈದ್ಯನಾಥಪುರಕ್ಕೆ ಹೋಗುವ ದಾರಿಯಲ್ಲಿ, ಶಿಂಷಾ ಹೊಳೆಗೆ ಹತ್ತಿರ. ಅದರ ಕಾರ್ಯದರ್ಶಿ ಎತ್ತಿನ ಗಾಡಿ ತಂದು ಸ್ಟೇಷನ್ನಿನ ಹೊರಗೆ ಕಾದಿದ್ದರು. ಇಂಟರ್‌ಮೀಡಿಯೆಟ್‌ವರೆಗೆ ಮೈಸೂರಿನಲ್ಲಿ ಓದಿ ಊರಿಗೆ ವಾಪಸು ಬಂದ ರೈತರ ಮನೆಯವರು. ಸುತ್ತಲಿನ ರೈತರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ, ಷೇರು ಕೂಡಿಸಿ, ಎತ್ತಿನ ಗಾಣದ ಬದಲು ಎಂಜಿನ್ನಿನ ಗಾಣ ಹಾಕಿಸಿದ್ದರು. ಆ ಎಂಜಿನ್ನಿಗೆ ಈಗ ಕಂಟಕ ಬಂದಿತ್ತು.

ಗಾಡಿಯಲ್ಲಿ ಅವರು ಹೇಳಿದ್ದು ಇಷ್ಟು: “ನೋಡಿ ಸ್ವಾಮಿ, ಎಂಜಿನ್ನಿಗೆ ಹಾಕೋ ಕ್ರೂಡಾಯಿಲ್ಲಿಗೆ ಕಂಟ್ರೋಲು. ಇನ್ನುಮೇಲೆ ಮುಖ್ಯವಾದ ಕಂಪನಿಗಳಿಗೆ ಮಾತ್ರ ಪರ್ಮಿಟ್ಟಂತೆ. ನಾವು ಮುಖ್ಯ ಅಂತ ಯಾರು ಹೇಳ್ಬೇಕು? ನಾನು ಹೇಳಿದ್ರೆ ನಡೆಯುತ್ತಾ? ನಿಮ್ಮ ಪತ್ರಿಕೆ ಪಟ್ಟೀಲಿ ಹೆಸರು ಬಂದ್ರೆ ಅದನ್ನ ಹಚ್ಚಿ ಮೇಲಕ್ಕೆ ಬರೀತೀವಿ ಅಂತ ಕಂಟ್ರೋಲು ಕಚೇರಿಯೋರು ಬಾಯಿಬಿಟ್ಟು ಹೇಳವ್ರೆ. ಫಲಕ ಬ್ಯಾಡ ಸ್ವಾಮಿ, ಪಟ್ಟಿಯ ಬಾಲದಲ್ಲಿ ಒಂದು ಜಾಗ ಸಾಕು. ಇಲ್ಲದಿದ್ರೆ ಎಂಜಿನ್ ನಿಂತೋಯ್ತದೆ. ಎಂಜಿನ್ ನಿಂತ್ರೆ ಇಷ್ಟು ಜನ ಒಟ್ಟಿಗೆ ಇರೋದಿಲ್ಲ, ಅವರವರ ಕಬ್ಬು ಅವರವರ ಮನೆ ಮುಂದಕ್ಕೆ ಓಯ್ತದೆ.”

ಅವರು ಮೈಸೂರಿನ ಭಾಷೆಯಲ್ಲಿ ಶುರುಮಾಡಿ, ಕಳವಳ ಹೆಚ್ಚಾದ ಹಾಗೆಲ್ಲ ಊರಿನ ಭಾಷೆಗೆ ಇಳಿಯುತ್ತಿದ್ದರು. ನನಗೆ ಅವರು ಹಿಡಿಸಿದರು. ಹಿಡಿಸಿದವರ ಕಂಪನಿಗೆ ಅಂಕ ಕೊಡುವುದು ಕಷ್ಟದ ಕೆಲಸ, ಅದಕ್ಕೇ ಮುಖ ಬಿಗಿದುಕೊಂಡು ಕೂತೆ.

ಆಲೆಮನೆಯ ಬಾಗಿಲಲ್ಲೇ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಕಬ್ಬಿನ ಹಾಲು ತುಂಬಿದ ದೊಡ್ಡ ಮಡಕೆ, ಪಕ್ಕದಲ್ಲಿ ಬೋರಲು ಹಾಕಿದ ಚೊಂಬುಗಳು. ದೇವಸ್ಥಾನಕ್ಕೆ ಹೋಗುವವರು, ಸಂತೆಗೆ ಹೋಗುವವರು, ಯಾವ ಊರಿನವರೋ ಯಾವ ಜಾತಿಯವರೋ, ನಿಂತು ಕುಡಿದು ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಆಲೆಮನೆಗೆ ಬಂದವರು ಬಾಯಾರಿ ಹೋಗಬಾರದು ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕಂಪನಿಯಾದರೂ ಷೇರಾದರೂ ಅದೊಂದನ್ನು ಇವರು ಬಿಟ್ಟಿರಲಿಲ್ಲ. ಕೊಟ್ಟದ್ದನ್ನು ಕಳೆದೂ ಇಳುವರಿ ಸಾಲುತ್ತದೆ ಎಂದು ಕಾರ್ಯದರ್ಶಿಗೆ ಧೈರ್ಯವಿತ್ತು.

ನನ್ನ ನಿಯಮ ಅವರಿಗೆ ಮೊದಲೇ ಗೊತ್ತಿತ್ತು. ಪತ್ರಿಕೆಯವರು ಅಚ್ಚುಹಾಕಿಸಿ ಕಳಿಸಿದ್ದರು. ಆದರೆ ಅದನ್ನು ಅವರು ಆಳುಗಳಿಗೆ ಹೇಳಿರಲಿಲ್ಲ. ಆಮೇಲೆ ಕೇಳಿದಾಗ, “ಬಂದೋರಿಗೆ ಕೊಡಬ್ಯಾಡಿ ಅಂತ ಆಲೆಮನೇಲಿ ನಿಂತ್ಕೊಂಡು ಯಾವ ಬಾಯಲ್ಲಿ ಹೇಳ್ಲಿ ಸ್ವಾಮಿ?” ಎಂದರು.

ಕೆಲಸ ಶುರುವಾಯಿತು. ಕಬ್ಬನ್ನು ಕಟ್ಟುಕಟ್ಟಾಗಿ ದೊಡ್ಡ ತಕ್ಕಡಿಗೆ ಹಾಕಿಸಿ ತೂಕ ಬರೆದುಕೊಂಡೆ. ಎಂಜಿನ್ನಿನ ಬೆಲ್ಟು ಪಟಪಟ ಬಡಿಯುತ್ತ ಗಾಣದ ಕಬ್ಬಿಣದ ಉರುಳೆಗಳನ್ನು ತಿರುಗಿಸಿತು. ಹಾಲು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ, ತೊಟ್ಟಿಯಿಂದ ಕೊಪ್ಪರಿಗೆಗೆ. ಒಲೆಗೆ ಒಣಗಿದ ಸಿಪ್ಪೆಯನ್ನೂ ತರಗನ್ನೂ ತುರುಕುತ್ತಿದ್ದರು. ಕೊಪ್ಪರಿಗೆಯ ಬಳಿ ನಿಂತವರು ಪಾಕದ ಯಜಮಾನ. ಅವರಿಗೆ ಹೆಸರಿದ್ದರೂ ಯಾರೂ ಕರೆಯುತ್ತಿರಲಿಲ್ಲ. ವಯಸ್ಸಾಗಿದ್ದ, ಹುರಿಯಂಥ ಮೈಯ ಮನುಷ್ಯ. ಹಾಲಿಗೆ ಸುಣ್ಣದ ತಿಳಿ ಬಿಟ್ಟು, ಬೆಂಡೆಗಿಡ ಜಜ್ಜಿದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿಯನ್ನು ಜಾಲರಿಯಲ್ಲಿ ತೆಗೆದು ತೆಗೆದು ಎಸೆಯುತ್ತಿದ್ದರು.

ಮಡ್ಡಿ ತೆಗೆದು ಮುಗಿದ ಮೇಲೆ ಕೈತೊಳೆದು, ಬಾಗಿಲಿನ ಮಡಕೆಯಿಂದ ಒಂದು ಚೊಂಬು ತುಂಬಿ ತಂದು ನನ್ನ ಮುಂದೆ ಹಿಡಿದರು.

“ತಕ್ಕಳಿ ಸೋಮಿ.”

“ಬೇಡಪ್ಪ. ನಾನು ತೊಗೋಬಾರದು.”

“ವಸಿ ತಕ್ಕಳಿ. ಬಿಸ್ಲು.”

ನಾನು ಕೈಮುಗಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆ ಒಲೆಯ ಝಳಕ್ಕೆ ಗಂಟಲು ಒಣಗಿತ್ತು. ಪಕ್ಕಕ್ಕೆ ತಿರುಗಿ ನನ್ನ ತಾಮ್ರದ ಚೊಂಬಿನ ಮುಚ್ಚಳ ತೆಗೆದು ಎತ್ತಿಕೊಂಡು ನೀರು ಕುಡಿದೆ. ಮುಚ್ಚಳ ಹಾಕಿ ತಿರುಗಿದರೆ, ಗಾಣಕ್ಕೆ ಕಬ್ಬು ಕೊಡುತ್ತಿದ್ದವರೂ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

“ಅಯ್ನೋರು ನಮ್ ಕೈಲಿ ಕುಡಿಯಾಕಿಲ್ಲ ಅಂತ ಕಾಣ್ತದೆ ಕಣ್ಲಾ,” ಎಂದ ಒಬ್ಬ, ಇನ್ನೊಬ್ಬನಿಗೆ. ಸಿಟ್ಟಿನಿಂದಲ್ಲ, ಇಂದು ಮೋಡ ಕವಿದಿದೆ ಅನ್ನುವ ದನಿಯಲ್ಲಿ.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಮ್ಮ ತಂದೆಯ ಮಡಿಯ ಮೇಲೆ ಜಗಳವಾಡಿ, ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದಿದ್ದವನು ನಾನು. ಕಂಡ ಹೋಟೆಲಿನಲ್ಲಿ ಉಂಡು, ಆ ವಿಷಯಕ್ಕೆ ಒಳಗೊಳಗೇ ಹೆಮ್ಮೆಪಡುತ್ತಿದ್ದವನು. ಅವಸರವಾಗಿ ಹೇಳಿದೆ: “ಜಾತಿ ಅಲ್ಲಪ್ಪ. ಬೊಂಬಾಯಿಯಲ್ಲಿ ನಮ್ಮ ಪತ್ರಿಕೆಯವರ ನಿಯಮ. ಯಾರ ಹತ್ತಿರವೂ ಏನೂ ತೊಗೋಬಾರದು. ತೊಗೊಂಡರೆ ನಿಮ್ಮ ಕಂಪನಿಗೇ ನಷ್ಟ.”

ಪಾಕದ ಯಜಮಾನರು ಚೊಂಬನ್ನು ಹಾಗೇ ಹಿಡಿದುಕೊಂಡು ಯೋಚಿಸಿದರು. “ಓ. ಬೊಂಬಾಯಿ ಮಡಿ,” ಎಂದು ಹೇಳಿ ಹಾಲನ್ನು ವಾಪಸು ಮಡಕೆಗೆ ಸುರಿಯದೆ ಹೊರಗಿನ ಗಿಡದ ಬುಡಕ್ಕೆ ಹಾಕಿ ಬಂದರು.

ಆ ದಿನದ ಪಾಕ ಕೆಟ್ಟಿತು. ತಣ್ಣೀರಿಗೆ ಬಿಟ್ಟು ನೋಡಿದಾಗ ಉಂಡೆ ಕಟ್ಟಿದ ಹಾಗೆ ಕಂಡಿತ್ತು. ಮರದ ದೋಣಿಗೆ ಸುರಿದು, ಹುಟ್ಟಿನಲ್ಲಿ ತಿರುವಿ, ಅಚ್ಚಿಗೆ ತುಂಬಿದರು. ಸಂಜೆ ಅಚ್ಚು ಬಿಚ್ಚಿದರೆ ಬೆಲ್ಲ ಗಟ್ಟಿಯಾಗಿರಲಿಲ್ಲ, ಬೆರಳಿಗೆ ಅಂಟಿಕೊಂಡು ಬಂತು. ಕಾರಣವೇನೂ ದೊಡ್ಡದಲ್ಲ. ಆ ಕಬ್ಬು ಹೊಳೆಯ ಪಕ್ಕದ ಜೌಗಿನ ಗದ್ದೆಯದು, ಬುಡದಲ್ಲಿ ನೀರು ನಿಂತದ್ದು, ಮೇಲಾಗಿ ಬಲಿತು ಮುಗಿದದ್ದು. ನನಗೂ ಗೊತ್ತಿತ್ತು, ಕಾರ್ಯದರ್ಶಿಗೂ ಗೊತ್ತಿತ್ತು. “ನಾಳೆ ಕೊಪ್ಪದ ಕಡೆಯ ಕಬ್ಬು ಬರ್ತದೆ ಸ್ವಾಮಿ, ಕೆಂಪು ಮಣ್ಣಿಂದು. ಅದನ್ನ ಲೆಕ್ಕಕ್ಕೆ ಹಿಡೀರಿ,” ಎಂದರು. ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಲು ನಿಯಮದಲ್ಲಿ ಅವಕಾಶವಿತ್ತು, ಒಪ್ಪಿಕೊಂಡೆ. ಮದ್ದೂರಿಗೆ ಹೋಗಿ ಛತ್ರದಲ್ಲಿ ಮಲಗಿದೆ.

ಬೆಳಿಗ್ಗೆ ಬಂದಾಗ ಎಂಜಿನ್ನಿನ ಸದ್ದಿಲ್ಲ, ಹೊಗೆಯೂ ಇಲ್ಲ. ಅಂಗಳದ ತುಂಬ ಕೊಪ್ಪದಿಂದ ಗಾಡಿಗಳಲ್ಲಿ ಬಂದ ಕಬ್ಬು ಇಳಿದಿತ್ತು. ಪಾಕದ ಯಜಮಾನರು ಒಲೆಯ ಬಾಯಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಕಾರ್ಯದರ್ಶಿ ಅವರ ಮುಂದೆ ನಿಂತಿದ್ದರು.

“ಒಲೆ ಯಾಕೆ ಅಂಟ್ಸಿಲ್ಲ ಅಂದ್ರೆ ಮಾತಾಡಪ್ಪ.”

“ಬಾಯಾರ್ದೋರು ಒಬ್ರು ಒಳಗವ್ರೆ. ಅವ್ರು ಕುಡಿಯೋಗಂಟ ಅಂಟ್ಸಾಕಿಲ್ಲ.”

“ಅವ್ರು ನೀರು ಕುಡೀತಾವ್ರಲ್ಲ.”

“ಅವ್ರ್ ನೀರ ಅವ್ರು ಕುಡುದ್ರೆ ನಮ್ಮಾಲೆಮನೇಲಿ ಕುಡ್ದಂಗಾಯ್ತದಾ? ನೆನ್ನೆ ಪಾಕ ನೋಡ್ಲಿಲ್ವ? ಬಾಯಾರ್ದೋರ ಕಣ್ಣ ಮುಂದೆ ಕಾಸುದ್ರೆ ಪಾಕ ಗಟ್ಟಿ ಆಗಾಕಿಲ್ಲ. ನಮ್ಮಪ್ಪನ ಕಾಲ್ದಿಂದ ನಾ ಕಂಡಿವ್ನಿ.”

“ಅದು ಜೌಗಿನ ಕಬ್ಬು ಕಣಪ್ಪ.”

“ಜೌಗಿನ್ ಕಬ್ಬ ನಾ ಎಷ್ಟ್ ಸಲ ಕಾಸಿಲ್ಲ.”

ಕಾರ್ಯದರ್ಶಿ ಬೇರೆಯವರಿಗೆ ಹೇಳಿ ನೋಡಿದರು. ಒಬ್ಬನೂ ಮುಂದೆ ಬರಲಿಲ್ಲ. ಯಾರೂ ಗಲಾಟೆ ಮಾಡಲಿಲ್ಲ, ಕೂಲಿ ಹೆಚ್ಚು ಕೇಳಲಿಲ್ಲ. ಸುಮ್ಮನೆ ಕೂತರು. ಜಗಳವಾಡುವವರನ್ನು ಸಮಾಧಾನ ಮಾಡಬಹುದು, ಸುಮ್ಮನೆ ಕೂತವರನ್ನು ಏನು ಮಾಡುವುದು?

“ನಾನು ಹೊರಟುಬಿಡುತ್ತೇನೆ. ಪರೀಕ್ಷೆ ಮುಂದಿನ ತಿಂಗಳಿಗೆ ಇಟ್ಟುಕೊಳ್ಳೋಣ,” ಎಂದೆ.

ಪಾಕದ ಯಜಮಾನರು ಗಾಬರಿಯಾಗಿ ಎದ್ದು ನಿಂತರು. “ಬ್ಯಾಡಿ ಸೋಮಿ. ರಾತ್ರಿ ಛತ್ರಕ್ಕೋದ್ರೆ ತಿರ್ಗ ಬತ್ತೀರ. ಒಂಟೇ ಓಗೋದು ಇನ್ನಾ ಕೆಟ್ಟದ್ದು. ಬಾಯಾರಿ ಒಂಟೋದ್ರು ಅಂತಾಯ್ತದೆ. ಆಮೇಲೆ ಈ ವರ್ಸ ಒಲೆ ಅಂಟ್ಸಂಗೇ ಇಲ್ಲ.”

ಇರುವಂತಿಲ್ಲ, ಹೋಗುವಂತಿಲ್ಲ. ಇಬ್ಬಂದಿ ಅನ್ನುವ ಮಾತಿಗೆ ಅರ್ಥ ಅವತ್ತು ತಿಳಿಯಿತು.

ಕಾರ್ಯದರ್ಶಿ ನನ್ನನ್ನು ಎಂಜಿನ್ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. “ಸ್ವಾಮಿ, ಇವತ್ತು ಏಕಾದಶಿ, ಉಪವಾಸ ಅಂತ ಹೇಳ್ಬುಡಿ. ಉಪವಾಸದೋರಿಗೆ ದೋಷ ಇಲ್ಲ.” ಬೇರೆ ದಾರಿ ತೋಚದೆ ಹಾಗೇ ಹೇಳಿದೆ. ಪಾಕದ ಯಜಮಾನರು ಬೆರಳು ಮಡಿಸಿ ಎಣಿಸಿ, “ಇವತ್ತು ಅಷ್ಟಮಿ ಅಲ್ವ ಸೋಮಿ? ಅಯ್ನೋರ್ಗೇ ಗೊತ್ತಿಲ್ವ?” ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ನಾನೂ ನಗಬೇಕಾಗಿತ್ತು, ನಗು ಬರಲಿಲ್ಲ.

ಆಮೇಲೆ ನನಗೇ ಒಂದು ಉಪಾಯ ಹೊಳೆಯಿತು. ಸುಮ್ಮನೆ ತೆಗೆದುಕೊಳ್ಳುವುದಕ್ಕೆ ತಾನೇ ಅಡ್ಡಿ, ದುಡ್ಡು ಕೊಟ್ಟು ಕೊಂಡರೆ? ಜೇಬಿನಿಂದ ಒಂದು ಕಾಸು ತೆಗೆದು ಕಲ್ಲುಚಪ್ಪಡಿಯ ಮೇಲೆ ಇಟ್ಟೆ. ಅಷ್ಟು ಹೊತ್ತೂ ಮುಖದಲ್ಲಿ ಒಂದು ಬಗೆಯ ಮರುಕ ಇಟ್ಟುಕೊಂಡಿದ್ದ ಪಾಕದ ಯಜಮಾನರ ಮುಖ ಕಪ್ಪಿಟ್ಟಿತು. “ಇದು ಅಂಗ್ಡಿ ಅಲ್ಲ ಕಣಪ್ಪ,” ಎಂದರು. ಸೋಮಿ ಹೋಗಿ ಅಪ್ಪ ಆಗಿತ್ತು. ಕಾಸನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಳ್ಳುವಾಗ ನನ್ನ ಕೈಗೆ ಜೇಬು ಸಿಗಲಿಲ್ಲ.

ಕೊನೆಗೆ ಮದ್ದೂರಿನ ಪೋಸ್ಟಾಫೀಸಿಗೆ ಹೋಗಿ ಬೊಂಬಾಯಿಗೆ ತಂತಿ ಕೊಟ್ಟೆ. ಆಲೆಮನೆಯ ಆಚಾರವನ್ನು ತಂತಿಯ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ‘ಕೆಲಸಗಾರರು ಪರೀಕ್ಷಕ ಕಬ್ಬಿನ ರಸ ಕುಡಿಯುವವರೆಗೆ ಕೆಲಸ ಮಾಡುವುದಿಲ್ಲ, ಒಂದು ಲೋಟಕ್ಕೆ ಅನುಮತಿ ಬೇಕು’ ಎಂದು ಬರೆದೆ. ಓದಿದ ಪೋಸ್ಟ್ ಮಾಸ್ತರರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿ, ತಂತಿಯ ಯಂತ್ರವನ್ನು ಕಟ್ಟ ಕಡ ಎಂದು ಬಡಿಯತೊಡಗಿದರು.

ವಾಪಸು ಬಂದಾಗ ಅಂಗಳದಲ್ಲಿ ಕಬ್ಬಿನ ಒಡತಿ ಕೂತಿದ್ದರು. ಕೊಪ್ಪದ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಂತು ಬೇಸಾಯ ಮಾಡಿಸುತ್ತಿದ್ದವರು. ಆಲೆಮನೆಯಲ್ಲಿ ಸರದಿಗಾಗಿ ಬಹಳ ದಿನ ಕಾದು, ಸರದಿ ಬಂತೆಂದು ಕಬ್ಬು ಕಡಿಸಿದ್ದರು. ಗದ್ದೆಯಲ್ಲಿ ನಿಂತ ಕಬ್ಬು ಕಾಯುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ. ಬಿಸಿಲಿಗೆ ಹಾಲು ಒಣಗುತ್ತದೆ, ಉಳಿದದ್ದು ಹುಳಿಯಾಗುತ್ತದೆ, ಆ ಹಾಲು ಬೆಲ್ಲ ಕಟ್ಟುವುದಿಲ್ಲ. ಅವರು ತರಗನ್ನೆಲ್ಲ ಒಟ್ಟುಮಾಡಿ ಕಬ್ಬಿನ ಮೇಲೆ ಹೊದಿಸಿ, ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸುತ್ತಿದ್ದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ.

“ನಿಮ್ದೂ ಏನೋ ಯವಾರ ಅದೆ ಅಂತ ಸೆಕ್ರೆಟ್ರಿ ಏಳ್ದ,” ಎಂದರು. “ನಾನೇನೂ ಅನ್ನಾಕಿಲ್ಲ ಸೋಮಿ. ನನ್ ಕಬ್ಬು ಮಾತ್ರ ಒಣಗ್ತಾ ಅದೆ.”

“ನಾಳೆ ಬೆಳಿಗ್ಗೆ ಉತ್ತರ ಬರುತ್ತಮ್ಮ.”

“ನಾಳೆ ಬೆಳಗ್ಗೆಗಂಟ ತಡೀತದೆ. ಮದ್ಯಾನ್ನಕ್ಕೆ ತಡಿಯಾಕಿಲ್ಲ.”

ಬೆಳಿಗ್ಗೆ ಪೋಸ್ಟಾಫೀಸು ತೆರೆಯುವಾಗ ನಾನೂ ಕಾರ್ಯದರ್ಶಿಯೂ ಬಾಗಿಲಲ್ಲೇ ಇದ್ದೆವು. ಉತ್ತರ ಬಂದಿತ್ತು. ನಿಯಮ ಎಲ್ಲರಿಗೂ ಒಂದೇ, ಸಡಿಲಿಸಲಾಗದು. ಅದನ್ನು ಕಳಿಸಿದವರು ಕೆಟ್ಟವರಲ್ಲ. ಬೊಂಬಾಯಿಯಲ್ಲಿ ಕೂತು ನೋಡಿದರೆ ಒಂದು ಲೋಟ ರಸವೂ ಮಗಳ ಮದುವೆಯೂ ಒಂದೇ ದಾರಿಯ ಎರಡು ತುದಿ. ನಾನೇ ಅಲ್ಲಿದ್ದರೂ ಬಹುಶಃ ಅದನ್ನೇ ಬರೆಯುತ್ತಿದ್ದೆ.

ಗಾಡಿ ಹತ್ತಿದೆವು. ವೈದ್ಯನಾಥಪುರದ ದಾರಿಗೆ ತಿರುಗಿದ ಮೇಲೆ ಕಾರ್ಯದರ್ಶಿ ಮುಖ ತಿರುಗಿಸಿಕೊಂಡೇ ಹೇಳಿದರು: “ಕುಡುದ್ಬುಡಿ ಸ್ವಾಮಿ. ಬೊಂಬಾಯಿಗೆ ಯಾರು ಹೇಳ್ತಾರೆ? ಕೊನೇಲಿ ಏನೂ ಸ್ವೀಕರಿಸಿಲ್ಲ ಅಂತ ಬರ್ದು ಸಹಿ ಹಾಕಿ. ನಂಗೂ ಒಳ್ಳೇದು, ಕೊಪ್ಪದ ಅಕ್ಕಯ್ಯಂಗೂ ಒಳ್ಳೇದು, ನಿಮಗೂ ಒಳ್ಳೇದು.”

ಹಾಗೆ ಮಾಡಬಹುದಾಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಓದುವವರು ಈಗಲೂ ನನ್ನನ್ನು ಪೆದ್ದ ಎನ್ನಬಹುದು. ಆದರೆ ಆ ಸುತ್ತಿನಲ್ಲಿ ನಾನು ಎಷ್ಟೋ ಜನರ ಕಾಫಿಗೆ ಕೈಮುಗಿದು, ಎಷ್ಟೋ ಜನರ ಮುಖ ಬಾಡಿಸಿ ಬಂದಿದ್ದೆ. ಆ ಒಂದು ಸಹಿ ನಿಜವಾಗಿರಲಿ ಎಂದೇ ಅಷ್ಟೆಲ್ಲ ಮಾಡಿದ್ದು. ಇಲ್ಲಿ ಸುಳ್ಳಾದರೆ ಅಲ್ಲಿಯದೂ ಸುಳ್ಳೇ. ನಾನು ಹರಿಶ್ಚಂದ್ರನ ವಂಶ ಅಂತಲ್ಲ. ಸುಳ್ಳು ಬರೆದು ಅದನ್ನು ಜೀವಮಾನವೆಲ್ಲ ನೆನಪಿಟ್ಟುಕೊಂಡು ಕಾಪಾಡುವಷ್ಟು ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ.

“ಕುಡಿದರೆ ಕುಡಿದೆ ಅಂತಲೇ ಬರೆಯುತ್ತೇನೆ,” ಎಂದೆ. “ನಿಮ್ಮ ಹೆಸರು ಹೋಗುತ್ತದೆ. ಕುಡಿಯದಿದ್ದರೆ ಆ ತಾಯಿಯ ಕಬ್ಬು ಹೋಗುತ್ತದೆ. ಕಂಪನಿ ನಿಮ್ಮದು. ನೀವು ಹೇಳಿ.”

ಆಲೆಮನೆ ಬಂತು. ಅಂಗಳದಲ್ಲಿ ಆ ಹೆಂಗಸು ತರಗನ್ನು ಸ್ವಲ್ಪ ಸರಿಸಿ, ಒಂದು ಜಲ್ಲೆ ಎಳೆದು, ತುದಿ ಮುರಿದು ಮೂಸಿ ನೋಡುತ್ತಿದ್ದರು. ಕಾರ್ಯದರ್ಶಿ ಗಾಡಿಯಿಂದ ಇಳಿಯದೆ ಅದನ್ನು ನೋಡಿದರು. ಆಮೇಲೆ ಎಂಜಿನ್ ಮನೆಯ ಕಡೆ ನೋಡಿದರು. ಆ ಎಂಜಿನ್ನನ್ನು ಮದರಾಸಿನಿಂದ ತರಿಸಿ, ರೈಲಿನಿಂದ ಇಳಿಸಿ, ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಊರವರೆಲ್ಲ ಸೇರಿ ಎಳೆದು ತಂದ ಕಥೆಯನ್ನು ಮೊದಲ ದಿನ ನನಗೆ ಹೇಳಿದ್ದರು.

ಇಳಿದು ನೇರವಾಗಿ ಕಲ್ಲುಚಪ್ಪಡಿಗೆ ಹೋದರು. ದಾರಿಹೋಕರಿಗೆಂದು ಬೆಳಿಗ್ಗೆ ಕೈಗಾಣದಲ್ಲಿ ಹಿಂಡಿಟ್ಟಿದ್ದ ಹಾಲಿನ ಮಡಕೆಯಲ್ಲಿ ಚೊಂಬು ಅದ್ದಿ ತುಂಬಿ, ಪಾಕದ ಯಜಮಾನರ ಕೈಗೆ ಕೊಟ್ಟು, “ಕೊಡಪ್ಪ ಅವ್ರಿಗೆ,” ಎಂದರು.

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಎತ್ತಿಕೊಂಡು ಕುಡಿಯದೆ ಕಚ್ಚಿಕೊಂಡೇ ಕುಡಿದೆ, ಎಲ್ಲರೂ ನೋಡಲಿ ಎಂದು. ನಿಂಬೆಹಣ್ಣು ಹಿಂಡಿದ್ದರು. ಎಷ್ಟೋ ವಾರದಿಂದ ನಾಲಿಗೆಗೆ ಮೆತ್ತಿಕೊಂಡಿದ್ದ ಕ್ವಿನೈನಿನ ಕಹಿ ಗಂಟಲಲ್ಲಿ ಇಳಿದು ಹೋದದ್ದು ತಿಳಿಯಿತು. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ದುಃಖಕ್ಕೋ ಹೇಳಲಾರೆ. ಒಂದು ಒಳ್ಳೆಯ ಕಂಪನಿಯನ್ನು ಆ ಗುಟುಕುಗಳಲ್ಲಿ ನುಂಗುತ್ತಿದ್ದೇನೆ ಎಂಬುದು ಮಾತ್ರ ಗೊತ್ತಿತ್ತು.

“ಇನ್ನೊಂದ್ ಚೊಂಬು ಕೊಡ್ಲಾ ಸೋಮಿ?” ಎಂದರು ಪಾಕದ ಯಜಮಾನರು. ನಾನು ಮತ್ತೆ ಸೋಮಿ ಆಗಿದ್ದೆ.

“ಕೊಡಿ,” ಎಂದೆ. ಮುಳುಗಿದವನಿಗೆ ಚಳಿಯೇನು, ಮಳೆಯೇನು.

ಒಲೆ ಹತ್ತಿತು. ಎಂಜಿನ್ ಕೆಮ್ಮಿ ಕೆಮ್ಮಿ ಶುರುವಾಯಿತು. ಇನ್ನು ತೂಗುವ ಅಗತ್ಯ ನನಗಿರಲಿಲ್ಲ, ಆದರೂ ತೂಗಿದೆ. ರೂಢಿಯ ಕೈ ಸುಮ್ಮನಿರುವುದಿಲ್ಲ. ಕಬ್ಬು ತೂಗಿದೆ, ಹಾಲು ಅಳೆಸಿದೆ, ಸಂಜೆ ಅಚ್ಚುಗಳು ಬಿಚ್ಚುವ ತನಕ ನಿಂತೆ. ಬೆಲ್ಲ ಹೊಂಬಣ್ಣಕ್ಕೆ ತಿರುಗಿತ್ತು. ಅಚ್ಚಿನಿಂದ ಬಿದ್ದಾಗ ಕಲ್ಲಿನ ಸದ್ದು ಬಂತು. ಇಳುವರಿ ಲೆಕ್ಕ ಹಾಕಿದರೆ ಆ ಸುತ್ತಿನಲ್ಲಿ ನಾನು ಎಲ್ಲೂ ಕಂಡಿರದಷ್ಟು. ಬಾಗಿಲಲ್ಲಿ ದಾನ ಹೋದದ್ದನ್ನು ಕಳೆದೂ ಅಷ್ಟು. ಕೆಂಪು ಮಣ್ಣಿನ ಕಬ್ಬಿನ ಗುಣ ಅದು. ಪಾಕದ ಯಜಮಾನರು ಮಾತ್ರ ನನ್ನ ಕಡೆ ನೋಡಿ, ಕಂಡಿರಾ ಎಂಬಂತೆ ತಲೆ ಆಡಿಸಿದರು.

ಕೊಪ್ಪದ ತಾಯಿ ಬೆಲ್ಲವನ್ನು ಗಾಡಿಗೆ ಏರಿಸಿಕೊಂಡು ಹೊರಡುವಾಗ ಒಂದು ಅಚ್ಚನ್ನು ನನ್ನ ಚೀಲಕ್ಕೆ ಹಾಕಿದರು. “ಮನೇಲಿ ಮಕ್ಳಿಗೆ,” ಎಂದರು. ನನಗೆ ಮಕ್ಕಳಿರಲಿಲ್ಲ. ಹೇಳಲು ಹೋಗಲಿಲ್ಲ, ಇಟ್ಟುಕೊಂಡೆ.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಇಳುವರಿಯನ್ನು ಬರೆದ ಮೇಲೆ, ‘ಕಬ್ಬಿನ ಹಾಲು ಎರಡು ಚೊಂಬು, ಬೆಲ್ಲ ಒಂದು ಅಚ್ಚು ಸ್ವೀಕರಿಸಿದ್ದೇನೆ. ನಿಯಮ ಮುರಿದದ್ದು ಪರೀಕ್ಷಕ, ಕಂಪನಿಯಲ್ಲ. ಬೇರೆ ಪರೀಕ್ಷಕರನ್ನು ಕಳಿಸಬೇಕು,’ ಎಂದು ಸೇರಿಸಿದೆ. ಬಂದ ಉತ್ತರ ಚಿಕ್ಕದು. ಈ ವರ್ಷಕ್ಕೆ ಅವಧಿ ಮುಗಿದಿದೆ, ಕಂಪನಿಯನ್ನು ಕೈಬಿಡಲಾಗಿದೆ, ಮುಂದಿನ ಸುತ್ತಿಗೆ ನಿಮ್ಮ ಸೇವೆ ಅಗತ್ಯವಿಲ್ಲ. ಕೊನೆಯದನ್ನು ಓದಿದಾಗ ಹೆಗಲಿನಿಂದ ಮೂಟೆ ಇಳಿಸಿದ ಹಾಗಾಯಿತು. ಅದಕ್ಕೆ ಹಿಂದಿನದನ್ನು ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಪಟ್ಟಿ ಅಚ್ಚಾದ ಸಂಚಿಕೆ ಕೈಗೆ ಬಂದಾಗ ಅದನ್ನು ಹಿಡಿದುಕೊಂಡು ಮದ್ದೂರಿಗೆ ಹೋದೆ. ಯಾಕೆ ಹೋದೆ ಎಂದರೆ, ಕಾರ್ಯದರ್ಶಿ ಅದನ್ನು ಬೇರೆ ಯಾರ ಕೈಯಲ್ಲೋ ನೋಡುವುದು ಬೇಡವೆನಿಸಿತು. ಈ ಸಲ ಗಾಡಿ ಇರಲಿಲ್ಲ, ನಡೆದೆ. ತಾಮ್ರದ ಚೊಂಬೂ ಇರಲಿಲ್ಲ. ದೂರದಿಂದಲೇ ಎಂಜಿನ್ನಿನ ಸದ್ದಿಗಾಗಿ ಕಿವಿಗೊಟ್ಟೆ. ಗಾಣದ ಮರ ಕಿರುಗುಟ್ಟುವುದು, ಎತ್ತಿನ ಕೊರಳ ಗಂಟೆ, ಅಷ್ಟೇ ಕೇಳಿಸಿತು. ಎಂಜಿನ್ನಿಗೆ ಗೋಣಿ ತಾಟು ಹೊದಿಸಿ ಹಗ್ಗ ಬಿಗಿದಿದ್ದರು. ಷೇರಿನವರು ಅರ್ಧಕ್ಕರ್ಧ ಬಿಟ್ಟುಹೋಗಿದ್ದರು. ಉಳಿದವರು ಸರದಿಯ ಮೇಲೆ ಎತ್ತು ತಂದು ಕಟ್ಟುತ್ತಿದ್ದರು. ಅಂದು ಕಟ್ಟಿದ್ದ ಜೋಡಿ ಕೊಪ್ಪದ ತಾಯಿಯದು.

ಒಳಗೆ ಕಾಲಿಡುತ್ತಿದ್ದ ಹಾಗೇ ಪಾಕದ ಯಜಮಾನರು ಚೊಂಬು ತಂದು ಕೈಗಿಟ್ಟರು. ಕುಡಿದೆ. ಕಾರ್ಯದರ್ಶಿ ನನ್ನನ್ನು ಕಂಡು ಮುಖ ಗಂಟಿಕ್ಕಿಕೊಳ್ಳುತ್ತಾರೆ ಎಂದು ಅಂಜಿದ್ದೆ. ಅವರು ಬಂದು ಪಕ್ಕದಲ್ಲಿ ಕೂತು, ಕೈಚಾಚಿ ಪತ್ರಿಕೆ ಇಸಿದುಕೊಂಡರು. ಹಿಂದಿನ ಪುಟದಿಂದ ತಿರುಗಿಸಿ ಸಣ್ಣ ಕಂಪನಿಗಳ ಪಟ್ಟಿ ಹುಡುಕಿದರು. ಮೊದಲ ಸ್ಥಾನ ಉತ್ತರದ ಕಡೆಯ ಯಾವುದೋ ಬೆಲ್ಲದ ಕಾರ್ಖಾನೆಗೆ ಹೋಗಿತ್ತು. ಜೊತೆಗೆ ಪಟ, ಅದರ ಗುಣಗಾನ. ಕಾರ್ಯದರ್ಶಿ ಒಂದೊಂದೇ ಸಾಲು ಓದಿ, ಕೂತಿದ್ದವರಿಗೆ ಕನ್ನಡದಲ್ಲಿ ಹೇಳತೊಡಗಿದರು. ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ದಣಿವಿತ್ತು.

“ಸುತ್ತ ಆಳೆತ್ತರದ ಗೋಡೆ ಅಂತೆ. ಬಾಗಿಲಲ್ಲಿ ಕಾವಲುಗಾರ ಅಂತೆ. ಹೊರಗಡೆಯವರು ಯಾರೂ ಒಳಕ್ಕೆ ಬರೋ ಹಂಗಿಲ್ಲ. ಒಂದು ತೊಟ್ಟು ಹಾಲು ದಂಡ ಆಗೋದಿಲ್ಲ. ಎಲ್ಲಾ ಕಂಪನಿಗಳಿಗೂ ಮಾದರಿ ಅಂತ ಬರ್ದವ್ರೆ.”

ಹುಟ್ಟಿನಲ್ಲಿ ಪಾಕ ತಿರುವುತ್ತಿದ್ದ ಪಾಕದ ಯಜಮಾನರು ಕೈ ನಿಲ್ಲಿಸಿದರು.

“ಯಾರೂ ಒಳೀಕ್ ಬರಂಗಿಲ್ವಾ?”

“ಇಲ್ಲ.”

“ಅಂಗಾರೆ ಅಲ್ಲಿ ಬಾಯಾರ್ದೋರು ಎಲ್ಗೋಯ್ತಾರೆ?”

ಕಾರ್ಯದರ್ಶಿ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ನೋಡಿದರು. ತಿರುಗಿಸಿ ಹಿಂದಿನ ಪುಟವನ್ನೂ ನೋಡಿದರು.

“ಅದ್ನ ಬರ್ದಿಲ್ಲ ಕಣಪ್ಪ,” ಎಂದರು.